ಚಿಕ್ಕೋಡಿ ಸೀಮೆಯ ಸಿಂಗಾರದ ವಿಡಿಯೋ: ರೀಲ್ಸಿನಿಂದ ರೊಟ್ಟಿಯವರೆಗೆ

2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಕಂಪನಿಯ ಫ್ಯಾಷನ್ ಷೋ ನಡೆದಾಗ, ರೂಪದರ್ಶಿಗಳ ಕಾಲಲ್ಲಿದ್ದ ಚಪ್ಪಲಿಯ ಗುರುತನ್ನು ಅಥಣಿಯವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೆಬ್ಬೆರಳಿಗೆ ಉಂಗುಟ, ಪಾದದ ಮೇಲೆ ಹೆಣೆದ ಪಟ್ಟಿ, ಕೆಳಗೆ ಬರೀ ತೊಗಲಿನ ಅಟ್ಟೆ. ನಮ್ಮ ಕೊಲ್ಹಾಪುರಿಯೇ. ಕಂಪನಿ ಮೊದಲು ಅದನ್ನು ‘ಚರ್ಮದ ಸ್ಯಾಂಡಲ್’ ಎಂದಷ್ಟೇ ಕರೆದಿತ್ತು. ಜಾಲತಾಣಗಳಲ್ಲಿ ಗದ್ದಲ ಎದ್ದ ಮೇಲೆ ಅದರ ಮೂಲ ಭಾರತದ ಕುಶಲಕರ್ಮಿಗಳದು ಎಂದು ಒಪ್ಪಿಕೊಂಡಿತು. ಡಿಸೆಂಬರ್ ಹೊತ್ತಿಗೆ ಮಹಾರಾಷ್ಟ್ರದ ಲಿಡ್‌ಕಾಂ ಮತ್ತು ನಮ್ಮ ರಾಜ್ಯದ ಲಿಡ್ಕರ್ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದಕ್ಕೆ ಬಂದು, 2,000 ಜೊತೆ ಚಪ್ಪಲಿಯನ್ನು ಇಲ್ಲಿಯೇ ಮಾಡಿಸುವುದಾಗಿ ಹೇಳಿತು. ಈ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಇವೆ.

ಜಾಲತಾಣದ ಆ ಗದ್ದಲದ ವಾರಗಳಲ್ಲಿ ಫ್ಯಾಷನ್ ವಿಡಿಯೋ ಮಾಡುವವರು ಊರೂರಲ್ಲಿ ಈ ಚಪ್ಪಲಿಗಾಗಿ ಹುಡುಕಾಡಿದರು. ಅಥಣಿಯ ಹುಡುಗಿಗೆ ಅದು ಪಕ್ಕದ ಓಣಿಯಲ್ಲೇ ಇತ್ತು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಕೂತು ಮೇಕಪ್ಪಿನ, ಸೀರೆ-ಒಡವೆಯ ವಿಡಿಯೋ ಮಾಡುವುದನ್ನೇ ಉದ್ಯೋಗ ಮಾಡಿಕೊಳ್ಳಬೇಕು ಎಂದುಕೊಂಡವರಿಗಾಗಿ ಈ ಲೇಖನ. ಮೊದಲೇ ಕಡ್ಡಿ ಮುರಿದಂತೆ ಹೇಳಿಬಿಡುತ್ತೇನೆ: ಬೆಂಗಳೂರು, ಮುಂಬೈನವರ ಹಾಗೆ ಲಿಪ್‌ಸ್ಟಿಕ್ ಡಬ್ಬಿ ಬಿಚ್ಚಿ ತೋರಿಸಿದರೆ ಇಲ್ಲಿ ಸಂಸಾರ ಸಾಗುವುದು ಕಷ್ಟ. ಜಾಹೀರಾತಿನ ರೊಕ್ಕ ತಡವಾಗಿ ಬರುತ್ತದೆ, ಕಡಿಮೆ ಬರುತ್ತದೆ, ಒಮ್ಮೊಮ್ಮೆ ಬರುವುದೇ ಇಲ್ಲ. ಕೈಯಲ್ಲಿ ಒಂದು ಕಸುಬು ಇದ್ದವರ ಮಾತು ಬೇರೆ. ಮದುಮಗಳ ಮೇಕಪ್, ಸೀರೆ ಉಡಿಸುವುದು, ಜಂಪರ್ ಹೊಲಿಗೆ, ಮೆಹಂದಿ, ಚಪ್ಪಲಿ ಅಥವಾ ಸೀರೆ ವ್ಯಾಪಾರ, ಯಾವುದೇ ಇರಲಿ. ವಿಡಿಯೋ ಆ ಕಸುಬಿನ ಬೋರ್ಡ್ ಆದಾಗ ದುಡಿಮೆಗೆ ದಾರಿ ಸಿಗುತ್ತದೆ.

ಏನು ತೋರಿಸುತ್ತೀರಿ?

ಈ ಐದು ತಾಲೂಕುಗಳ ಹೆಂಗಸರ ಪೆಟ್ಟಿಗೆ ತೆಗೆದರೆ ಎರಡು ನಾಡಿನ ಸಿಂಗಾರ ಒಟ್ಟಿಗೆ ಸಿಗುತ್ತದೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ ಒಂದು ಕಡೆ. ಒಂಬತ್ತು ಗಜದ ಕಚ್ಚೆ ಸೀರೆ, ಕೊಲ್ಹಾಪುರಿ ಸಾಜ, ಮುತ್ತಿನ ನತ್ತು ಇನ್ನೊಂದು ಕಡೆ. ನಿಪ್ಪಾಣಿಯಿಂದ ಸ್ವಲ್ಪ ದೂರದಲ್ಲೇ ಬೆಳ್ಳಿ ಕೆಲಸಕ್ಕೆ ಹೆಸರಾದ ಹುಪರಿ ಇದೆ. ಅದನ್ನು ದಾಟಿದರೆ ಮಗ್ಗಗಳ ಇಚಲಕರಂಜಿ, ಬಟ್ಟೆಯ ಸಗಟು ಪೇಟೆಯಾದ ಕೊಲ್ಹಾಪುರದ ಗಾಂಧಿನಗರ. ಇಷ್ಟೆಲ್ಲ ಇಟ್ಟುಕೊಂಡು ಕೊರಿಯಾದ ಮುಖದ ಮಾಸ್ಕ್ ತೋರಿಸುತ್ತ ಕೂತರೆ ನಾನಂತೂ ಒಪ್ಪುವುದಿಲ್ಲ. ಅದನ್ನು ತೋರಿಸುವವರು ಈಗಾಗಲೇ ಸಾವಿರಾರು ಮಂದಿ ಇದ್ದಾರೆ. ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಡುವುದು ಹೇಗೆ, ಖಣದ ಜಂಪರಿಗೆ ಈಗಿನ ಮಾದರಿಯ ತೋಳು ಇಡುವುದು ಹೇಗೆ, ಅಜ್ಜಿಯ ಬೋರಮಾಳಕ್ಕೆ ಯಾವ ಬಣ್ಣದ ಸೀರೆ ಒಪ್ಪುತ್ತದೆ ಎಂದು ಕನ್ನಡದಲ್ಲಿ ತಾಳ್ಮೆಯಿಂದ ಹೇಳುವವರು ಅಷ್ಟಿಲ್ಲ.

ವರ್ಷದ ಲೆಕ್ಕವನ್ನು ಇಂಗ್ಲಿಷ್ ಕ್ಯಾಲೆಂಡರ್ ನೋಡಿ ಹಾಕಬೇಡಿ, ಪಂಚಾಂಗ ಮತ್ತು ಕಬ್ಬಿನ ಹಂಗಾಮು ನೋಡಿ ಹಾಕಿ. ನಾಗರ ಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳು, ಜೋಕಾಲಿ, ಹೊಸ ಬಳೆ. ಶೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆಯ ಚರಗಕ್ಕೆ ಹೊಲಕ್ಕೆ ಹೊರಟ ಇಳಕಲ್ ಸೀರೆಗಳು. ಗಡಿಯ ಊರುಗಳಲ್ಲಿ ಸಂಕ್ರಾಂತಿಗೆ ಮಹಾರಾಷ್ಟ್ರದ ರೂಢಿಯಂತೆ ಕರಿ ಸೀರೆ ಉಟ್ಟು ಅರಿಶಿನ-ಕುಂಕುಮಕ್ಕೆ ಕರೆಯುವವರಿದ್ದಾರೆ. ಕರಿ ಸೀರೆಗೆ ಎಂಥ ಒಡವೆ ಎಂದು ಅವರು ಹದಿನೈದು ದಿನ ಮೊದಲೇ ಹುಡುಕುತ್ತಾರೆ, ಸಂಕ್ರಾಂತಿ ದಿನ ಹಾಕಿದ ವಿಡಿಯೋ ಅವರಿಗೆ ಕೆಲಸಕ್ಕೆ ಬರುವುದಿಲ್ಲ. ಮಾಘದಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆ. ತುಳಸಿ ಲಗ್ನವಾದ ಮೇಲೆ ಮದುವೆಗಳ ಸಾಲು. ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಕೈಸೇರಿದ ಮೇಲೆ ಮನೆಯವರು ಸೀರೆ, ಮೇಕಪ್ಪಿಗೆ ಕೈ ಬಿಚ್ಚುತ್ತಾರೆ ಎಂಬುದು ಇಲ್ಲಿಯ ಅಂಗಡಿಕಾರರಿಗೆಲ್ಲ ಗೊತ್ತು. ಆಷಾಢದಲ್ಲಿ ಗಿರಾಕಿ ಕಡಿಮೆ. ಹೊಸದನ್ನು ಕಲಿಯಲು, ಮುಂದಿನ ಹಂಗಾಮಿನ ವಿಡಿಯೋ ತೆಗೆದಿಡಲು ಅದೇ ಒಳ್ಳೆಯ ಕಾಲ.

ಭಾಷೆಯ ವಿಷಯ. ‘ಹಾಯ್ ಗಾಯ್ಸ್, ವೆಲ್‌ಕಮ್ ಬ್ಯಾಕ್’ ಎಂದು ಶುರು ಮಾಡುವ ಚಾಳಿ ಬಿಡಿ. ರಾಯಬಾಗ ತಾಲೂಕಿನ ನಿಪನಾಳದ ಹಾಡುಗಾರ ಮಾಳು ನಿಪನಾಳ ‘ನಾ ಡ್ರೈವರಾ’ ಹಾಡನ್ನು ಈ ಸೀಮೆಯ ಮಾತಿನಲ್ಲೇ ಹಾಡಿದ್ದು. ಯೂಟ್ಯೂಬ್‌ನಲ್ಲಿ ಅದನ್ನು ಕೋಟಿಗಟ್ಟಲೆ ಸಲ ನೋಡಿದರು, 2025ರಲ್ಲಿ ಅವರು ಬಿಗ್ ಬಾಸ್ ಮನೆಗೂ ಹೋದರು. ಅವರದು ಹಾಡು, ನಿಮ್ಮದು ಸಿಂಗಾರ. ಕೇಳುವ ಕಿವಿ ಒಂದೇ. ‘ವೈನಿ, ನೆರಗಿ ಹಿಂಗ ಹಿಡೀರಿ, ಬಟ್ಟ ಸಡ್ಲ ಬಿಡಬ್ಯಾಡ್ರಿ’ ಎಂದರೆ ಗೋಕಾಕದಿಂದ ಜತ್ತದವರೆಗೆ ತಿಳಿಯುತ್ತದೆ. ಮನೆಯಲ್ಲಿ ಮರಾಠಿಯೂ ಆಡುವವರಾದರೆ ಅದನ್ನೂ ಮುಚ್ಚಿಡಬೇಕಿಲ್ಲ. ಒಂದೇ ವಿಡಿಯೋದಲ್ಲಿ ಎರಡನ್ನೂ ಕಲಸಿದರೆ ಇಬ್ಬರಿಗೂ ಬೇಸರ, ಹಾಗಾಗಿ ಕನ್ನಡದಲ್ಲಿ ಮಾಡಿ, ಮರಾಠಿಯಲ್ಲಿ ಬೇರೆ ದನಿ ಕೊಟ್ಟು ಸೇರಿಸಿ. ಒಂದೇ ವಿಡಿಯೋಗೆ ಎರಡು ಭಾಷೆಯ ದನಿ ಜೋಡಿಸುವ ಸೌಲಭ್ಯ ಯೂಟ್ಯೂಬ್‌ನಲ್ಲಿ ಬಂದಿದೆ. ಮಿರಜ, ಸಾಂಗ್ಲಿ, ಕೊಲ್ಹಾಪುರದ ಗಿರಾಕಿಗಳು ನಿಮಗೆ ಬೆಳಗಾವಿಯವರಿಗಿಂತ ಹತ್ತಿರದವರು ಎಂಬುದು ನೆನಪಿರಲಿ.

ಮೊದಲು ಕೈಗೆ ಕಸುಬು

ಉತ್ತರ ಪ್ರದೇಶದ ಬಾಗಪತ್ ಜಿಲ್ಲೆಯ ಹಳ್ಳಿಯ ಹುಡುಗಿ ನ್ಯಾನ್ಸಿ ತ್ಯಾಗಿ 2024ರಲ್ಲಿ ಕಾನ್ ಚಿತ್ರೋತ್ಸವದ ಕೆಂಪು ಹಾಸಿನ ಮೇಲೆ ನಡೆದಾಗ ತೊಟ್ಟಿದ್ದು ತಾನೇ ಹೊಲಿದ ಗುಲಾಬಿ ಗೌನು. ಸಾವಿರ ಮೀಟರ್ ಬಟ್ಟೆ, ಇಪ್ಪತ್ತು ಕಿಲೋ ತೂಕ, ಒಂದು ತಿಂಗಳ ಹೊಲಿಗೆ ಎಂದು ಅವರೇ ಹೇಳಿಕೊಂಡರು. ಅವರ ವಿಡಿಯೋಗಳನ್ನು ಜನ ಕಾದು ನೋಡಿದ್ದು ಹೊಲಿಗೆ ಯಂತ್ರದ ಮುಂದೆ ಕೂತ ಹುಡುಗಿಗಾಗಿ. ಕಸುಬು ಕಾಣಿಸುವ ವಿಡಿಯೋಗೆ ಆ ಬಲ ಇದೆ.

ಕಲಿಯಲು ದೊಡ್ಡ ಶಹರಕ್ಕೆ ಹೋಗಿ ಲಕ್ಷ ಸುರಿಯುವ ಮುಂಚೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ವಿಚಾರಿಸಿ. ಬ್ಯಾಂಕುಗಳು ಜಿಲ್ಲೆಗೊಂದರಂತೆ ನಡೆಸುವ ಈ ಸಂಸ್ಥೆಗಳಲ್ಲಿ ಬ್ಯೂಟಿ ಪಾರ್ಲರ್, ಹೊಲಿಗೆ ತರಬೇತಿ ಊಟ-ವಸತಿ ಸಮೇತ ಉಚಿತ. ಪಾರ್ಲರ್ ಹಾಕಲು ಮುದ್ರಾ ಸಾಲದ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿಯವರೆಗೆ ಸಿಗುತ್ತದೆ. ಮಹಿಳೆಯರಿಗೆ ರಾಜ್ಯದ ಉದ್ಯೋಗಿನಿ ಯೋಜನೆಯಲ್ಲಿ ಸಬ್ಸಿಡಿ ಸಹಿತ ಸಾಲ ಇದೆ, ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೇಳಿ. ಹೊಲಿಗೆಯವರು ಮತ್ತು ಚಪ್ಪಲಿ ಮಾಡುವವರು 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಗೆ ಬರುತ್ತಾರೆ: ಉಪಕರಣಕ್ಕೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಮೊದಲ ಕಂತು ಒಂದು ಲಕ್ಷದವರೆಗೆ ಸಾಲ.

ಕಲಿಯುವಾಗ ಜನ ಅಸಡ್ಡೆ ಮಾಡುವುದು ಶುಚಿಯ ಪಾಠವನ್ನು. ಒಂದೇ ಕಾಡಿಗೆ ಕಡ್ಡಿಯನ್ನು ಮದುಮಗಳಿಗೂ ಅವಳ ನಾಲ್ವರು ತಂಗಿಯರಿಗೂ ತಿದ್ದಿದರೆ ಒಬ್ಬಳ ಕಣ್ಣುಬೇನೆ ಎಲ್ಲರಿಗೂ. ಲಿಪ್‌ಸ್ಟಿಕ್ಕನ್ನು ತುಟಿಗೆ ನೇರ ತಾಗಿಸದೆ ತಟ್ಟೆಗೆ ಕೆರೆದುಕೊಂಡು ಬೇರೆ ಬ್ರಷ್‌ನಲ್ಲಿ ಹಚ್ಚಬೇಕು. ಕೂದಲ ಬಣ್ಣ, ‘ಕರಿ ಮೆಹಂದಿ’ಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ, ಕೆಲವರಿಗೆ ಅದು ಬೊಕ್ಕೆ ಏಳಿಸುತ್ತದೆ. ಕಿವಿಯ ಹಿಂದೆ ಚೂರು ಹಚ್ಚಿ 48 ತಾಸು ಕಾಯುವುದನ್ನು ವಿಡಿಯೋದಲ್ಲಿಯೇ ತೋರಿಸಿ. ಮದುವೆ ಹಿಂದಿನ ರಾತ್ರಿ ಹೊಸ ಕ್ರೀಮು ಪ್ರಯೋಗ ಮಾಡುವವರನ್ನು ನೋಡಿದ ಯಾವ ತಾಯಿಯೂ ಎರಡನೇ ಮಗಳ ಮದುವೆಗೆ ಅವರನ್ನು ಕರೆಯುವುದಿಲ್ಲ.

ಇಳಕಲ್ಲಿನ ಕೆಂಪು ಕೆಂಪಾಗಿಯೇ ಕಾಣಲಿ

ದುಬಾರಿ ಕ್ಯಾಮೆರಾ ಬೇಡ. ಈಗಿನ ಸಾಧಾರಣ ಮೊಬೈಲ್, ಅಲುಗದ ಸ್ಟ್ಯಾಂಡ್, ಕೊರಳ ಪಟ್ಟಿಗೆ ಸಿಕ್ಕಿಸುವ ಮೈಕು ಸಾಕು. ಈ ಮೂರರಲ್ಲಿ ಮೊದಲು ಮೈಕಿಗೆ ರೊಕ್ಕ ಹಾಕಿ. ಚಿತ್ರ ಸ್ವಲ್ಪ ಮಸುಕಾದರೂ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಬೆರಳು ಮುಂದಕ್ಕೆ ಸರಿದೇ ಬಿಡುತ್ತದೆ. ಹಿಂದುಗಡೆ ಹಿಟ್ಟಿನ ಗಿರಣಿ, ಟ್ರ್ಯಾಕ್ಟರಿನ ಡೆಕ್ ಇರುವ ಊರುಗಳಲ್ಲಿ ಇದು ಇನ್ನೂ ದೊಡ್ಡ ಮಾತು.

ಬಣ್ಣದ ತೊಂದರೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇಳಕಲ್ ಸೀರೆಯ ಸೆರಗು ಕೆಂಪು ರೇಷ್ಮೆ, ಅದರ ಮೇಲೆ ಬಿಳಿಯ ಟೋಪ ತೆನಿ. ಮನೆಯ ಹಳದಿ ಬಲ್ಬಿನ ಕೆಳಗೆ ಹಿಡಿದರೆ ಮೊಬೈಲು ಆ ಕೆಂಪನ್ನು ಕಿತ್ತಳೆ ಮಾಡುತ್ತದೆ, ಬಿಳಿ ತೆನಿಯನ್ನು ಬೆಣ್ಣೆ ಬಣ್ಣ ಮಾಡುತ್ತದೆ. ಗಿರಾಕಿ ಕಿತ್ತಳೆ ನೋಡಿ ತರಿಸಿಕೊಂಡು, ಕೆಂಪು ಬಂತೆಂದು ಜಗಳಕ್ಕೆ ನಿಲ್ಲುತ್ತಾಳೆ. ಹಾಗಾಗಿ ಬಲ್ಬು ಆರಿಸಿ. ಬೆಳಗಿನ ಒಂಬತ್ತರ ಸುಮಾರಿಗೆ ಬಿಸಿಲು ನೇರ ಬೀಳದ ಕಿಟಕಿಯ ಮುಂದೆ ಸೀರೆ ಹರವಿ, ಪಕ್ಕದಲ್ಲಿ ಒಂದು ಬಿಳಿ ಕಾಗದ ಇಡಿ. ಪರದೆಯ ಮೇಲೆ ಕಾಗದ ಬಿಳಿಯಾಗಿಯೇ ಕಾಣುವವರೆಗೆ ಕ್ಯಾಮೆರಾದ ಬಣ್ಣ ತಿದ್ದಿ. ಸೀರೆಯ ಮೇಲೆ ಬೆರಳು ಒತ್ತಿ ಹಿಡಿದರೆ ಬೆಳಕು ಮತ್ತು ಫೋಕಸ್ ಅಲ್ಲಿಗೇ ನಿಲ್ಲುತ್ತವೆ, ಆಮೇಲೆ ಕೈ ಆಡಿಸಿದರೂ ಬೆಳಕು ಏರಿಳಿಯದು. ಈಗ ಮೊಬೈಲನ್ನು ಒಂದು ಗೇಣು ದೂರಕ್ಕೆ ತಂದು, ಒಡಲು ಮತ್ತು ಸೆರಗಿನ ನೂಲುಗಳನ್ನು ಕುಣಿಕೆ ಹಾಕಿ ಸೇರಿಸಿದ ಕೊಂಡಿಯನ್ನು ತೋರಿಸಿ. ಮಗ್ಗದ ಇಳಕಲ್ಲು ಹೌದೋ ಅಲ್ಲವೋ ಎಂದು ತಿಳಿಯಲು ಗಿರಾಕಿ ಮೊದಲು ನೋಡಬೇಕಾದ ಗುರುತು ಅದು, ಅಂಗಡಿಯಲ್ಲಿ ಯಾರೂ ಅವಳಿಗೆ ಹೇಳಿರುವುದಿಲ್ಲ. ಆ ಹತ್ತು ಸೆಕೆಂಡಿನ ತುಣುಕು ನಿಮ್ಮ ಹೆಸರು ಉಳಿಸುತ್ತದೆ.

ಚಪ್ಪಲಿಗೂ ಇದೇ ಮಾತು. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲು, ಹೆಣಿಗೆ ಹಾಕುವ ಹೆಂಗಸರ ಬೆರಳು, ಹೊಲಿಗೆಯ ಚರ್ಮದ ದಾರ: ಕಾಲಿಗೆ ಹಾಕಿ ನಡೆದು ತೋರಿಸುವ ಮುಂಚೆ ಇಷ್ಟನ್ನು ತೋರಿಸಿ. ಆದರೆ ಕುಶಲಕರ್ಮಿಯ ಮನೆಗೆ ಹೋಗಿ ಅರ್ಧ ದಿನದ ಕೆಲಸ ಕೆಡಿಸಿ, ವಿಡಿಯೋ ತೆಗೆದುಕೊಂಡು, ಹೆಸರು ಹಾಕದೆ ಬರುವುದು ಪ್ರಾಡಾ ಮಾಡಿದ ಕೆಲಸವೇ. ಒಪ್ಪಿಗೆ ಕೇಳಿ, ಹೆಸರು ಹಾಕಿ, ಆರ್ಡರ್ ಅವರಿಗೇ ಹೋಗುವ ದಾರಿ ಇಡಿ.

ಕತ್ತರಿಸಿ ಜೋಡಿಸಲು ಇನ್‌ಶಾಟ್, ಕೈನ್‌ಮಾಸ್ಟರ್, ಯೂಟ್ಯೂಬಿನದೇ ಉಚಿತ ಯೂಟ್ಯೂಬ್ ಕ್ರಿಯೇಟ್ ಸಾಕು. ಮುಖವನ್ನು ನುಣುಪು ಮಾಡುವ ಫಿಲ್ಟರನ್ನು ಮೇಕಪ್ ವಿಡಿಯೋದಲ್ಲಿ ಬಳಸಬೇಡಿ. ನಿಮ್ಮ ಕೈಚಳಕವೋ ಯಂತ್ರದ್ದೋ ತಿಳಿಯುವುದಿಲ್ಲ. ಹಾಡಿನ ಬಗ್ಗೆ ಎಚ್ಚರ. ರೀಲ್ಸಿನ ಸಂಗ್ರಹದಲ್ಲಿ ಸಿನಿಮಾ ಹಾಡು ಸಿಕ್ಕಿತೆಂದ ಮಾತ್ರಕ್ಕೆ ಅಂಗಡಿಯ ಜಾಹೀರಾತಿಗೂ ಅದು ಪುಕ್ಕಟೆಯಲ್ಲ. ಯೂಟ್ಯೂಬ್‌ನಲ್ಲಿ 90 ದಿನದಲ್ಲಿ ಮೂರು ಹಕ್ಕುಸ್ವಾಮ್ಯದ ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು. ಯೂಟ್ಯೂಬಿನ ಉಚಿತ ಸಂಗೀತ ಬಳಸಿ, ಇಲ್ಲವೇ ನಿಮ್ಮೂರಿನ ಭಜನಾ ಮೇಳದವರನ್ನು ಕೇಳಿ, ಬರಹದಲ್ಲಿ ಒಪ್ಪಿಗೆ ಪಡೆದು ಅವರ ದನಿ ಬಳಸಿ.

ರೊಕ್ಕ ಎಲ್ಲೆಲ್ಲಿಂದ?

ಯೂಟ್ಯೂಬಿನ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಬೇಕು. ಜೊತೆಗೆ ಹನ್ನೆರಡು ತಿಂಗಳಲ್ಲಿ 4,000 ತಾಸುಗಳ ವೀಕ್ಷಣೆ, ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ. ಉದ್ದನೆಯ ವಿಡಿಯೋದ ಜಾಹೀರಾತಿನಲ್ಲಿ ಶೇ 55, ಶಾರ್ಟ್ಸ್‌ನಲ್ಲಿ ಶೇ 45 ನಿಮ್ಮ ಪಾಲು. ಗಳಿಕೆ 10 ಡಾಲರ್ ಮುಟ್ಟಿದಾಗ ಮನೆಯ ವಿಳಾಸಕ್ಕೆ ಅಂಚೆಯಲ್ಲಿ ಪಿನ್ ಬರುತ್ತದೆ, 100 ಡಾಲರ್ ಆಗುವ ತನಕ ಖಾತೆಗೆ ಒಂದು ಪೈಸೆ ಬರುವುದಿಲ್ಲ. ತೋಟದ ಮನೆಯ ವಿಳಾಸಕ್ಕೆ ಆ ಲಕೋಟೆ ಎಷ್ಟೋ ಸಲ ಮುಟ್ಟುವುದೇ ಇಲ್ಲ, ಅಂಚೆಯಣ್ಣನಿಗೆ ಮೊದಲೇ ಹೇಳಿಡಿ. ಅಮೆರಿಕದ ತೆರಿಗೆ ಫಾರಂ ತುಂಬಲು ಗೂಗಲ್ ಕೇಳಿದಾಗ ‘ನಮಗ್ಯಾಕ ಅಮೆರಿಕಾ’ ಎಂದು ಬಿಡಬೇಡಿ. ತುಂಬಿದರೆ ಅಲ್ಲಿಯ ವೀಕ್ಷಕರಿಂದ ಬಂದ ಗಳಿಕೆಗೆ ಮಾತ್ರ ಶೇ 15 ಕಡಿತ. ತುಂಬದಿದ್ದರೆ ಒಟ್ಟು ಗಳಿಕೆಯಲ್ಲಿ ಶೇ 24ರವರೆಗೆ ಹಿಡಿಯಬಹುದು.

ವಸ್ತು ಕೊಳ್ಳುವ ಕೊಂಡಿ (ಲಿಂಕ್) ಹಾಕಿ ಪಡೆಯುವ ಕಮಿಷನ್ ಇನ್ನೊಂದು ದಾರಿ. ಫ್ಲಿಪ್‌ಕಾರ್ಟ್, ಮಿಂತ್ರಾ ಜೊತೆ ಯೂಟ್ಯೂಬ್ ಶಾಪಿಂಗ್ 2024ರ ಅಕ್ಟೋಬರ್‌ನಲ್ಲಿ ಭಾರತಕ್ಕೆ ಬಂತು. ನೀವೇ ಕೊಂಡು, ಉಟ್ಟು, ತೊಳೆದು ನೋಡಿದ ವಸ್ತುವಿಗೆ ಮಾತ್ರ ಕೊಂಡಿ ಹಾಕಿದರೆ ಈ ಆದಾಯ ನಿಧಾನಕ್ಕೆ ಬೆಳೆಯುತ್ತದೆ.

ಕಂಪನಿ ಮತ್ತು ಅಂಗಡಿಗಳ ಪ್ರಾಯೋಜನೆಯಲ್ಲಿ ನಮ್ಮವರು ಮೋಸ ಹೋಗುವುದು ಹೆಚ್ಚು. ನಿಪ್ಪಾಣಿಯ ಸೀರೆ ಅಂಗಡಿಯವರು ‘ಒಂದ ಸೀರಿ ಕೊಡ್ತೀವಿ, ವಿಡಿಯೋ ಮಾಡವ್ವಾ’ ಅಂದರೆ ಮೊದಲೆರಡು ಸಲ ಒಪ್ಪಿ, ನಷ್ಟವಿಲ್ಲ. ಆಮೇಲೆ ದರ ಹೇಳಿ. ದರ ಕಟ್ಟುವುದು ಹೀಗೆ: ಹೋಗಿಬರುವ ಖರ್ಚು, ಮೇಕಪ್ಪಿಗೆ ಕೂತ ತಾಸು, ಚಿತ್ರೀಕರಣ, ಎಡಿಟಿಂಗ್ ಎಲ್ಲ ಸೇರಿ ಒಂದು ದಿನದ ಕೆಲಸ. ಅದೇ ದಿನ ನೀವು ಒಬ್ಬ ಮದುಮಗಳಿಗೆ ಮೇಕಪ್ ಮಾಡಿದ್ದರೆ ಎಷ್ಟು ಸಿಗುತ್ತಿತ್ತೋ ಅದಕ್ಕಿಂತ ಕೆಳಗೆ ಇಳಿಯಬೇಡಿ. ವಿಡಿಯೋವನ್ನು ಅಂಗಡಿಯವರು ತಮ್ಮ ಪುಟದಲ್ಲಿ ಎಷ್ಟು ತಿಂಗಳು ಓಡಿಸಬಹುದು, ಆ ಅವಧಿಯಲ್ಲಿ ಎದುರಿನ ಅಂಗಡಿಯ ಕೆಲಸ ಒಪ್ಪಬಹುದೇ, ರೊಕ್ಕ ಎಂದು ಕೊಡುತ್ತಾರೆ ಎಂಬ ಮೂರು ಮಾತು ವಾಟ್ಸಾಪ್‌ನಲ್ಲಿಯಾದರೂ ಬರಹದಲ್ಲಿ ಇರಲಿ. ಪರಿಚಯದವರು, ಬೀಗರ ಕಡೆಯವರು ಎಂಬ ಸಂಕೋಚಕ್ಕೆ ಇದು ಕಷ್ಟವೇ. ಬಾಯಿಂದ ಹೇಳಲು ಆಗದಿದ್ದರೆ ದರಪಟ್ಟಿ ಬರೆದಿಟ್ಟುಕೊಂಡು ಕಳಿಸಿಬಿಡಿ.

ಎಲ್ಲಕ್ಕಿಂತ ಗಟ್ಟಿಯಾದದ್ದು ನಿಮ್ಮದೇ ಕಸುಬಿನ ಆದಾಯ. ಕುಬಸದ ಮೇಕಪ್ಪಿನ ಒಂದು ವಿಡಿಯೋ ಊರ ಸುತ್ತಿನ ಮೂರು ಸಾವಿರ ಜನ ನೋಡಿ ಇಬ್ಬರು ಫೋನ್ ಮಾಡಿದರೆ, ದೂರದ ಲಕ್ಷ ಜನ ನೋಡಿದ್ದಕ್ಕಿಂತ ಅದು ಲಾಭ. ಹಾಗಾಗಿ ಪ್ರತಿ ವಿಡಿಯೋದಲ್ಲಿ ಊರಿನ ಹೆಸರು ಹೇಳಿ, ಬರೆಯಿರಿ: ಚಿಕ್ಕೋಡಿ, ಉಗಾರ, ಶೇಡಬಾಳ, ಕುಡಚಿ. ಹುಡುಕುವವರು ಅದನ್ನೇ ಹುಡುಕುತ್ತಾರೆ. ಗಿರಾಕಿಗಳ ಫೋನ್ ನಂಬರನ್ನು ಒಂದು ವಹಿಯಲ್ಲಿ ಬರೆದಿಡಿ. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ಲಕ್ಷಗಟ್ಟಲೆ ಹಿಂಬಾಲಕರಿದ್ದವರು ಒಂದೇ ರಾತ್ರಿಯಲ್ಲಿ ಬರಿಗೈ ಆದರು. ನಂಬರಿನ ವಹಿ ಇದ್ದವರ ಕೆಲಸ ನಿಲ್ಲಲಿಲ್ಲ.

ದೂಧಗಂಗೆ ದಾಟಿದರೆ ಲೆಕ್ಕ ಬೇರೆ

ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿಲೋಮೀಟರ್. ಕಾಗವಾಡದಿಂದ ಮಿರಜ ಅದಕ್ಕಿಂತ ಹತ್ತಿರ. ಜನರಿಗೆ ಅದು ಸಂತೆಗೆ ಹೋಗಿಬರುವ ದೂರ, ಜಿಎಸ್‌ಟಿ ಕಾನೂನಿಗೆ ಬೇರೆ ರಾಜ್ಯ. ಮೇಕಪ್, ಸೀರೆ ಉಡಿಸುವುದು, ಪ್ರಾಯೋಜಿತ ವಿಡಿಯೋ ಇವೆಲ್ಲ ಸೇವೆ. ವರ್ಷದ ವಹಿವಾಟು 20 ಲಕ್ಷ ದಾಟುವ ತನಕ ನೋಂದಣಿ ಬೇಡ, ಗಿರಾಕಿ ಕೊಲ್ಹಾಪುರದವಳಾದರೂ ಸರಿ. ಸೀರೆ, ಇಮಿಟೇಷನ್ ಒಡವೆ ಮಾರಿದರೆ ಅದು ಸರಕು. ರಾಜ್ಯದ ಗಡಿ ದಾಟಿಸಿ ಸರಕು ಮಾರುವವರು ಮೊದಲ ಸೀರೆಯಿಂದಲೇ ನೋಂದಣಿ ಮಾಡಿಸಬೇಕು. ಕೆಲವು ಕೈಮಗ್ಗ, ಕರಕುಶಲ ವಸ್ತುಗಳಿಗೆ ವಿನಾಯಿತಿ ಉಂಟು, ನೀವು ಮಾರುವುದು ಆ ಪಟ್ಟಿಯಲ್ಲಿದೆಯೇ ಎಂದು ತೆರಿಗೆ ಸಲಹೆಗಾರರ ಹತ್ತಿರ ಒಮ್ಮೆ ತೋರಿಸಿಕೊಳ್ಳಿ. ಇನ್‌ಸ್ಟಾಗ್ರಾಂ ಲೈವಿನಲ್ಲಿ ಸೀರೆ ಮಾರುವವರಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು.

ಪುಕ್ಕಟೆ ಬಂದದ್ದಕ್ಕೂ ತೆರಿಗೆ ಇದೆ. 2022ರ ಜುಲೈ 1ರಿಂದ ಜಾರಿಗೆ ಬಂದ ನಿಯಮದಂತೆ ಒಂದು ಕಂಪನಿ ವರ್ಷಕ್ಕೆ 20,000 ರೂಪಾಯಿಗಿಂತ ಹೆಚ್ಚಿನ ವಸ್ತು ಕೊಟ್ಟರೆ ಶೇ 10 ಮೂಲದಲ್ಲೇ ತೆರಿಗೆ ಕಟ್ಟಬೇಕು. 25,000 ರೂಪಾಯಿಯ ಮೇಕಪ್ ಪೆಟ್ಟಿಗೆ ಬಂತೆನ್ನಿ, 2,500 ತೆರಿಗೆ. ವಿಡಿಯೋ ಮಾಡಿ ಪೆಟ್ಟಿಗೆಯನ್ನು ಹಿಂದಿರುಗಿಸಿದರೆ ಈ ಮಾತಿಲ್ಲ.

ಬೆಳ್ಳಗಾಗುವ ಕ್ರೀಮಿನ ಜಾಹೀರಾತು

ಹಿಂಬಾಲಕರು ಸ್ವಲ್ಪ ಕೂಡಿದ ಕೂಡಲೇ ಮೊದಲು ಬರುವ ಫೋನುಗಳಲ್ಲಿ ‘ಏಳು ದಿನದಲ್ಲಿ ಬೆಳ್ಳಗೆ’ ಎಂಬ ಕ್ರೀಮಿನವರದೂ ಒಂದಿರುತ್ತದೆ. ಒಳ್ಳೆಯ ದರ ಹೇಳುತ್ತಾರೆ, ಮುಂಗಡವನ್ನೂ ಕೊಡುತ್ತಾರೆ. ಡಬ್ಬಿ ತಿರುವಿ ನೋಡಿ. ತಯಾರಕರ ಹೆಸರು-ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ, ಏನೇನು ಬೆರೆಸಿದ್ದಾರೆ ಎಂಬ ಪಟ್ಟಿ ಇರಬೇಕು. ಹೊರದೇಶದ್ದಾದರೆ ಆಮದುದಾರರ ಹೆಸರು, ನೋಂದಣಿ ಸಂಖ್ಯೆ ಇರಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಮಾತು ಅಲ್ಲಿಗೇ ಮುಗಿಸಿ.

ಕಾರಣ ಸಣ್ಣದಲ್ಲ. ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನ ಮೂತ್ರಪಿಂಡ ತಜ್ಞರು ತಮ್ಮಲ್ಲಿಗೆ ಬಂದ ಹಲವು ರೋಗಿಗಳ ಕಾಯಿಲೆಯ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಬಿಳಿ ಮಾಡುವ ಕ್ರೀಮು, ಅದರೊಳಗಿನ ಪಾದರಸ. 2023ರಲ್ಲಿ ಅದು ದೇಶದ ತುಂಬ ಸುದ್ದಿಯಾಯಿತು. ನಮ್ಮ ಕಾನೂನಿನಲ್ಲಿ ಮುಖದ ಕ್ರೀಮಿಗೆ ಪಾದರಸ ಬೆರೆಸುವಂತಿಲ್ಲ. ಇನ್ನು ಔಷಧದ ಅಂಗಡಿಯ ಸ್ಟೀರಾಯ್ಡ್ ಮುಲಾಮು. ಹಚ್ಚಿದ ವಾರದಲ್ಲಿ ಮುಖ ತಿಳಿಯಾಗುತ್ತದೆ, ತಿಂಗಳು ಕಳೆದಂತೆ ಚರ್ಮ ತೆಳುವಾಗಿ ಕೆಂಪಾಗುತ್ತದೆ, ಬಿಟ್ಟರೆ ಮೊಡವೆ ಏಳುತ್ತವೆ. ವೈದ್ಯರ ಚೀಟಿ ಇಲ್ಲದೆ ಅವನ್ನು ಮಾರದಂತೆ ಸರ್ಕಾರ 2018ರಲ್ಲಿ ಬಿಗಿ ಮಾಡಿತು, ಆದರೂ ಕೈಯಿಂದ ಕೈಗೆ ಓಡಾಡುತ್ತಲೇ ಇವೆ. ಕಬ್ಬು, ತಂಬಾಕಿನ ಹೊಲದಲ್ಲಿ ದಿನವಿಡೀ ಬಿಸಿಲಲ್ಲಿ ದುಡಿಯುವ ಹೆಂಗಸಿಗೆ ‘ನಿನ್ನ ಬಣ್ಣ ಸರಿಯಿಲ್ಲ’ ಎಂದು ಹೇಳಿ ದುಡ್ಡು ಮಾಡುವ ವಿಡಿಯೋವನ್ನು ನಾನು ಉದ್ಯೋಗ ಎಂದು ಕರೆಯಲಾರೆ. ಗೋಧಿ ಬಣ್ಣಕ್ಕೆ, ಕಪ್ಪು ಬಣ್ಣಕ್ಕೆ ಸರಿಹೊಂದುವ ಫೌಂಡೇಷನ್ ಆರಿಸುವುದನ್ನು ಹೇಳಿಕೊಡಿ. ಮೇಕಪ್ ಆದ ಮೇಲೆ ಮುಖ ಬೂದಿ ಬಳಿದಂತೆ ಕಾಣುವುದೇಕೆ ಎಂದು ತಿಳಿಯದೆ ಒದ್ದಾಡುವ ಮದುವಣಗಿತ್ತಿಯರು ಊರಿಗೆ ಹತ್ತು ಮಂದಿ ಇದ್ದಾರೆ.

ಕಾನೂನೂ ಬಿಗಿಯಾಗಿದೆ. ರೊಕ್ಕ, ಪುಕ್ಕಟೆ ವಸ್ತು, ಅಂಗಡಿಯವರ ನೆಂಟಸ್ತಿಕೆ ಯಾವುದಿದ್ದರೂ ವಿಡಿಯೋದಲ್ಲಿ ಹೇಳಬೇಕು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸ್ಪಷ್ಟ ಮಾಡಿದೆ. ವಿಡಿಯೋ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ಹೇಳಬೇಕು. ಕೆಳಗೆ ಹ್ಯಾಷ್‌ಟ್ಯಾಗುಗಳ ರಾಶಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಅಡಗಿಸಿದರೆ ಸಾಲದು. ‘ಇದು ಜಾಹೀರಾತು ಐತ್ರಿ, ಈ ಅಂಗಡಿಯವರು ರೊಕ್ಕ ಕೊಟ್ಟಾರ’ ಎಂದು ಬಾಯಿಬಿಟ್ಟು ಹೇಳಿ. ಯೂಟ್ಯೂಬ್, ಇನ್‌ಸ್ಟಾಗ್ರಾಂಗಳಲ್ಲಿ ಪ್ರಾಯೋಜಿತ ಎಂಬ ಗುರುತನ್ನೂ ಒತ್ತಿ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿಯವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ. ಒಂದರಿಂದ ಮೂರು ವರ್ಷದವರೆಗೆ ಯಾವ ಜಾಹೀರಾತನ್ನೂ ಮಾಡದಂತೆ ತಡೆಯಬಹುದು.

ಕಿಡಿಗೇಡಿಗಳು, ಮತ್ತು ಚಾನೆಲ್ ಯಾರ ಹೆಸರಲ್ಲಿ?

‘ದೊಡ್ಡ ಬ್ರ್ಯಾಂಡಿನ ರಾಯಭಾರಿ ಮಾಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ’ ಎಂದವರು ಕಳ್ಳರು. ಪ್ರಾಯೋಜನೆಯ ಒಪ್ಪಂದ ಎಂದು ಇಮೇಲಿಗೆ ಬಂದ ಫೈಲ್ ತೆರೆದು ಚಾನೆಲ್ ಕಳೆದುಕೊಂಡವರು ಬಹಳ. ಎರಡು ಹಂತದ ಪಾಸ್‌ವರ್ಡ್ ಇಂದೇ ಹಾಕಿ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಮೊದಲ ಕೆಲವು ತಾಸಿನಲ್ಲಿ ತಿಳಿಸಿದರೆ ಹಣ ತಡೆಯುವ ಅವಕಾಶ ಹೆಚ್ಚು. ಫೋಟೋ ತಿರುಚಿ ಹರಿಬಿಟ್ಟವರ ಬಗ್ಗೆಯೂ ಸೈಬರ್ ಅಪರಾಧದ ಸರ್ಕಾರಿ ಜಾಲತಾಣದಲ್ಲಿ ದೂರು ಕೊಡಬಹುದು. ಡಿಲೀಟ್ ಮಾಡುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಡಿ. ಕೊಳಕು ಕಮೆಂಟಿನ ಶಬ್ದಗಳನ್ನು ಮೊದಲೇ ತಡೆಯುವ ಪಟ್ಟಿ ಯೂಟ್ಯೂಬ್, ಇನ್‌ಸ್ಟಾಗ್ರಾಂ ಎರಡರಲ್ಲೂ ಇದೆ. ಅದಕ್ಕೆ ಕನ್ನಡ, ಮರಾಠಿ ಬೈಗುಳಗಳನ್ನು ನೀವೇ ಸೇರಿಸಬೇಕು. ಅಣ್ಣನನ್ನೋ ಗೆಳತಿಯನ್ನೋ ಕೂರಿಸಿ ಒಂದು ಸಂಜೆ ಈ ಕೆಲಸ ಮುಗಿಸಿ, ನಗುವೂ ಬರುತ್ತದೆ. ಮನೆಯ ಬಾಗಿಲು, ಗಾಡಿಯ ನಂಬರು, ಕಾಲೇಜಿನ ಹೊತ್ತು ವಿಡಿಯೋದಲ್ಲಿ ಕಾಣದಿರಲಿ. ಜಾತ್ರೆಯ ವಿಡಿಯೋವನ್ನು ಮನೆಗೆ ಬಂದ ಮೇಲೆ ಹಾಕಿ.

ಕೊನೆಯದು, ಹೆಣ್ಣುಮಕ್ಕಳು ಮೊದಲ ದಿನವೇ ಯೋಚಿಸಬೇಕಾದದ್ದು. ಇಲ್ಲಿಯ ಎಷ್ಟೋ ಚಾನೆಲ್ಲುಗಳು ಅಣ್ಣನ ಇಮೇಲಿನಲ್ಲಿ, ಅಪ್ಪನ ಸಿಮ್ಮಿನಲ್ಲಿ, ಗೆಳೆಯನ ಬ್ಯಾಂಕ್ ಖಾತೆಯಲ್ಲಿ ನಡೆಯುತ್ತವೆ. ಮುಖ ಅವಳದು, ದುಡಿಮೆ ಅವಳದು, ಕೀಲಿಕೈ ಇನ್ನೊಬ್ಬರದು. ಮದುವೆಯಾಗಿ ಗಂಡನ ಮನೆಗೆ ಹೋದಾಗ, ಅಥವಾ ಗೆಳೆತನ ಮುರಿದಾಗ, ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಹದಿನೆಂಟು ತುಂಬಿದವರಾದರೆ ನಿಮ್ಮದೇ ಹೆಸರಿನ ಸಿಮ್, ಇಮೇಲ್, ಪ್ಯಾನ್ ಕಾರ್ಡು, ಬ್ಯಾಂಕ್ ಖಾತೆ ಮಾಡಿಸಿ, ಯೂಟ್ಯೂಬಿನ ರೊಕ್ಕ ಬರುವ ಗೂಗಲ್ ಆಡ್‌ಸೆನ್ಸನ್ನು ಅದಕ್ಕೇ ಜೋಡಿಸಿ. ಸಹಾಯ ಮಾಡುವವರಿಗೆ ಚಾನೆಲ್ಲಿನ ‘ಮ್ಯಾನೇಜರ್’ ಅಧಿಕಾರ ಕೊಡಿ, ‘ಓನರ್’ ನೀವೇ ಇರಿ. ಮದುವೆ ಗೊತ್ತಾಗುವ ಹೊತ್ತಿಗೆ ‘ನಾನು ವಿಡಿಯೋ ಮಾಡತೀನಿ, ಮುಂದನೂ ಮಾಡತೀನಿ’ ಎಂಬುದನ್ನು ನಿಶ್ಚಿತಾರ್ಥದ ಮಾತುಕತೆಯಲ್ಲೇ ಹಿರಿಯರ ಬಾಯಿಂದ ಹೇಳಿಸಿ. ಲಗ್ನವಾದ ಮೇಲೆ ಅಡ್ಡಹೆಸರು ಬದಲಿಸುವುದಾದರೆ ಮೊದಲು ಪ್ಯಾನ್, ಆಮೇಲೆ ಬ್ಯಾಂಕು, ಅದರ ನಂತರ ಆಡ್‌ಸೆನ್ಸ್. ಈ ಮೂರರ ಹೆಸರು ಒಂದಕ್ಕೊಂದು ತಾಳೆಯಾಗದಿದ್ದರೆ ಬರಬೇಕಾದ ರೊಕ್ಕ ನಡುವೆಯೇ ಸಿಕ್ಕಿಹಾಕಿಕೊಳ್ಳುತ್ತದೆ.